ಹಚ್ಚೂದು, ಹತ್ತೂದು

ನಿಪ್ಪಾಣಿಯಲ್ಲಿ ಬೆಳಗಿನಿಂದ ರಾತ್ರಿಯ ತನಕ ಜನ ಏನೇನು ಹಚ್ಚುತ್ತಾರೆ ನೋಡಿ. ದೇವರ ಮುಂದೆ ದೀಪ ಹಚ್ಚುತ್ತಾರೆ, ಹಣೆಗೆ ಕುಂಕುಮ ಹಚ್ಚುತ್ತಾರೆ. ಹೊಲದಲ್ಲಿ ಕಬ್ಬು ಹಚ್ಚುತ್ತಾರೆ, ತಂಬಾಕಿನ ಸಸಿ ಹಚ್ಚುತ್ತಾರೆ. ಆ ತಂಬಾಕು ಬೀಡಿಯಾಗಿ ಕೈಗೆ ಬಂದರೆ ಅದನ್ನೂ ಹಚ್ಚುತ್ತಾರೆ. ಊರಲ್ಲಿಲ್ಲದ ಮಗನಿಗೆ ಫೋನ್ ಹಚ್ಚುತ್ತಾರೆ, ಊರಲ್ಲೇ ಖಾಲಿ ಕೂತ ಮಗನನ್ನು ಕೆಲಸಕ್ಕೆ ಹಚ್ಚುತ್ತಾರೆ. ಇಬ್ಬರು ನಕ್ಕೊಂತ ಇದ್ದರೆ ನಡುವೆ ಜಗಳ ಹಚ್ಚುವವರೂ ಇದ್ದಾರೆ, ಹೆಸರು ಬೇಡ. ಸಂಜೆ ಹಸಿವಾದರೆ ಅವಲಕ್ಕಿ ಹಚ್ಚುತ್ತಾರೆ.

ನಮಗೆ ಇದೆಲ್ಲ ಲೆಕ್ಕಕ್ಕೇ ಬಂದಿರಲಿಲ್ಲ. ಪಕ್ಕದ ಮನೆಗೆ ಸಾತಾರಾ ಕಡೆಯ ಸೊಸೆ ಬಂದಳು, ಕಂಪೌಂಡಿಗೆ ಒರಗಿ ನಿಂತು ಕನ್ನಡ ಕಲಿಯತೊಡಗಿದಳು, ಆಮೇಲೆ ಬಂತು. ಈ ಊರಲ್ಲಿ ಕನ್ನಡ ಬಾರದಿದ್ದರೂ ಬಾಳುವೆ ನಡೆಯುತ್ತದೆ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಊರು; ಸಂತೆಯಲ್ಲಿ ಬದನೆಕಾಯಿಯ ದರ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ, ಚೌಕಾಶಿ ಎರಡರಲ್ಲೂ. ಆದರೆ ಆಕೆಯ ಅತ್ತೆಗೆ ಹಠ: ಮನೆಯೊಳಗೆ ಕನ್ನಡವೇ ಆಗಬೇಕು.

ಹುಡುಗಿ ಚುರುಕು. ವಾರ ಕಳೆಯುವುದರೊಳಗೆ ಗೋಡೆಯ ಮೇಲೆ ಮೊಳಕೈ ಊರಿ ನನಗೇ ಪಾಠ ಹೇಳಿದಳು: "ಕಾಕು, ಹಚ್ಚು ಅಂದ್ರ ಲಾವ, ಹತ್ತು ಅಂದ್ರ ಲಾಗ. ಭಾಳ ಸರಳ ಐತಿ!"

ಮಾತು ಸುಳ್ಳಲ್ಲ. ಮರಾಠಿಯವರು ದಿವಾ ಲಾವತಾರೆ, ಊಸ ಲಾವತಾರೆ, ಫೋನ್ ಲಾವತಾರೆ, ಕಾಮಾಲಾ ಲಾವತಾರೆ. ನಮಗೆ ನಿದ್ದೆ ಹತ್ತಿದರೆ ಅವರಿಗೆ ಝೋಪ ಲಾಗತೇ. ನಾಯಿ ನಮ್ಮ ಬೆನ್ನು ಹತ್ತಿದರೆ ಅವರ ಪಾಠೀಮಾಗೆ ಲಾಗತೇ. ಇದು ಎಷ್ಟು ಕಾಲದ ಒಡನಾಟದ ಫಲವೋ. ಕಾಗವಾಡದ ಗಡಿ ದಾಟಿದರೆ ಮಿರಜ, ಅದರ ಆಚೆ ಕುಪವಾಡ. ಅಲ್ಲಿಯ ಕನ್ನಡದ ಜೈನರು, ಉರ್ದುವಿನ ಮುಸಲ್ಮಾನರು, ಮರಾಠಿಯವರು ಆಡುವ ಮಾತನ್ನು ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಪಂಡಿತರು ಅಭ್ಯಾಸ ಮಾಡಿ 1971ರಲ್ಲಿ ಒಂದು ಲೇಖನ ಅಚ್ಚು ಹಾಕಿಸಿದರು. ಶಬ್ದಗಳು ಬೇರೆ ಬೇರೆ, ವಾಕ್ಯದ ಹಂದರ ಮಾತ್ರ ಒಂದೇ. ಒಂದು ಶಬ್ದ ತೆಗೆದು ಅದೇ ಜಾಗದಲ್ಲಿ ಇನ್ನೊಂದು ಭಾಷೆಯದನ್ನು ಇಟ್ಟರೆ ಸಾಕು ಎಂಬಷ್ಟು ಹತ್ತಿರ ಎಂದರು. ಭಾಷಾಶಾಸ್ತ್ರ ಓದುವವರು ಈಗಲೂ ದೇಶದೇಶಗಳಲ್ಲಿ ಕುಪವಾಡದ ಹೆಸರು ಹೇಳುತ್ತಾರೆ. ಕುಪವಾಡದವರಿಗೆ ಗೊತ್ತಿದೆಯೋ ಇಲ್ಲವೋ!

ನನ್ನ ಕೇಳಿದರೆ ಮೋಸ ಇರುವುದೇ ಈ ಹತ್ತಿರದಲ್ಲಿ. ಏನೂ ಗೊತ್ತಿಲ್ಲದ ಬಂಗಾಲಿಯವನು ಒಂದೊಂದನ್ನೂ ಕೇಳಿ ಕಲಿಯುತ್ತಾನೆ. ಎಲ್ಲ ಒಂದೇ ಎಂದುಕೊಂಡವರು ಧೈರ್ಯದಿಂದ ಹೋಗಿ ಬೀಳುತ್ತಾರೆ.

ಅತ್ತೆ ಸೊಸೆ ಬೆಳಗಾವಿಗೆ ಹೊರಟಿದ್ದರು. ಸೊಸೆ ಸಪ್ಪೆ ಮುಖ ಮಾಡಿ, "ಅತ್ತಿ, ನನಗ ಬಸ್ ಹತ್ತತೈತಿ" ಅಂದಳು.

"ಬಸ್ ನಿನಗ್ಯಾಕ ಹತ್ತತೈತಿ? ನೀನs ಬಸ್ ಹತ್ತಬೇಕು. ನಡಿ, ಸೀಟ್ ಸಿಗೂದಿಲ್ಲ."

ಮರಾಠಿಯಲ್ಲಿ ಬಸ್ ಲಾಗತೇ ಎಂದರೆ ಬಸ್ಸಿನಲ್ಲಿ ಕೂತರೆ ಹೊಟ್ಟೆ ತೊಳಸಿ ವಾಂತಿ ಬರುತ್ತದೆ ಅಂತ. ತವಂದಿ ಘಾಟದ ತಿರುವುಗಳು ಮುಗಿದು ಸಂಕೇಶ್ವರ ಬರುವಷ್ಟರಲ್ಲಿ ಅತ್ತೆಗೆ ಅರ್ಥ ಪೂರ್ತಿ ತಿಳಿದಿತ್ತು. ಸೀರೆ ಹೊಸದು ಬೇರೆ.

ಇನ್ನೊಂದು ದಿನ ರಾತ್ರಿ, "ಅತ್ತಿ, ಬಾಗಲಾ ಹಚ್ಚಲೇನ್ರಿ?" ದಾರ ಲಾವೂ ಕಾ ಎಂಬುದರ ನೇರ ಕನ್ನಡ. ನಮ್ಮ ಮನೆಯ ತನಕ ಅತ್ತೆಯ ಉತ್ತರ ಕೇಳಿಸಿತು: "ಬ್ಯಾಡವಾ, ಸಾಗವಾನಿ ಐತಿ! ಹಾಕು, ಹಚ್ಚಬ್ಯಾಡ."

ಇವೆಲ್ಲ ನಕ್ಕು ಬಿಡುವಂಥವು. ನಿಜವಾದ ತೊಡಕು ಕ್ರಿಯಾಪದದ ಬಾಲದಲ್ಲಿದೆ. ಮಾಡಾಕತ್ತೀನಿ, ಬರಾಕತ್ತೇತಿ ಎಂದು ನಾವು ದಿನವಿಡೀ ಅನ್ನುತ್ತೇವಲ್ಲ, ಅದು ಮಾಡಾಕ ಹತ್ತೀನಿ, ಬರಾಕ ಹತ್ತೇತಿ ಎಂಬುದರ ಬಳಕೆಯ ರೂಪ. ನಮಗೆ ಅದು ಈಗ ನಡೆದಿರುವ ಕೆಲಸ. ಮರಾಠಿಯಲ್ಲಿ ಕರಾಯಲಾ ಲಾಗಲೋ ಎಂದರೆ ಈಗ ಶುರು ಮಾಡಿದೆ ಅಂತ. ಅತ್ತೆ ಫೋನಿನಲ್ಲಿ ಮಗಳಿಗೆ, "ನಿಮ್ಮ ವೈನಿ ಅಡಗಿ ಮಾಡಾಕತ್ತಾಳ" ಎಂದರೆ ಒಳಗಿದ್ದ ಸೊಸೆಗೆ ಅದು ಚಾಡಿಯಂತೆ ಕೇಳಿಸಿತು: ಹನ್ನೊಂದು ಗಂಟೆಗೆ ಈಗ ಶುರು ಹಚ್ಚಿಕೊಂಡಿದ್ದಾಳೆ ಅಂತ! ಎರಡು ದಿನ ಮನೆಯಲ್ಲಿ ಮಾತು ಕಡಿಮೆ. ಆಮೇಲೆ ಆಕೆಯೇ ಗೋಡೆಯ ಹತ್ತಿರ ಬಂದು ಕೇಳಿದ್ದಕ್ಕೆ ಬಿಡಿಸಿ ಹೇಳಿದೆ. ಸಾಲದ್ದಕ್ಕೆ, ಹೋಗಲೇಬೇಕಾಗುತ್ತದೆ ಅನ್ನುವುದಕ್ಕೂ ಅವರಲ್ಲಿ ಜಾಯಲಾ ಲಾಗೇಲ. "ತವರಿಗೆ ಹೋಗಾಕ ಹತ್ತತೈತಿ" ಎಂದು ಆಕೆ ಹೇಳಿದರೆ ಕೇಳಿದವರು ಯಾರು ಹೊರಟರು, ಯಾವಾಗ ಎಂದು ಕಣ್ಣು ಪಿಳಿಪಿಳಿ ಬಿಡುತ್ತಾರೆ.

ಕಲಿಸುವ ಪುಸ್ತಕಗಳು ಇಲ್ಲಿ ಕೈಕೊಡುತ್ತವೆ. ಹಚ್ಚು ಎಂದು ಬರೆದು ಪಕ್ಕದಲ್ಲಿ ಉರಿಸು ಎಂದು ಕೊಟ್ಟರೆ ಕುಂಕುಮ ಹಚ್ಚುವುದು ಹೇಗೆ? ಬೇರು ಹಿಡಿದು ಹೋದರೆ ಸುಲಭ. ಹಳಗನ್ನಡದ ಪತ್ತು ಈಗಿನ ಹತ್ತು. ಅಂಟಿಕೊಳ್ಳುವುದು, ಹಿಡಿದುಕೊಳ್ಳುವುದು ಅದರ ಅರ್ಥ. ಹಾಗೆ ಅಂಟಿಸುವುದು, ಹಿಡಿಸುವುದು ಹಚ್ಚು. ಬತ್ತಿಗೆ ಬೆಂಕಿ, ಹಣೆಗೆ ಕುಂಕುಮ, ನೆಲಕ್ಕೆ ಸಸಿ, ಕೆಲಸಕ್ಕೆ ಮಗ: ಎಲ್ಲ ಒಂದಕ್ಕೊಂದು ಹಿಡಿಸುವುದೇ. ಕಾಯಿಪಲ್ಯ ಹೆಚ್ಚುವುದನ್ನು ಕೆಲವರು ಹಚ್ಚುವುದು ಅನ್ನುತ್ತಾರೆ, ಅದು ಬೇರೆ ಮನೆತನದ್ದು, ಇದಕ್ಕೆ ಸೇರಿಸಬಾರದು.

ನಾನು ಅವಳಿಗೆ ಇದನ್ನು ಅವಲಕ್ಕಿಯಲ್ಲಿ ತೋರಿಸಿದೆ. ಪರಾತದಲ್ಲಿ ತೆಳು ಅವಲಕ್ಕಿ ಹರವಿ, ಎಣ್ಣೆ, ಖಾರದ ಪುಡಿ, ಮೆಂತ್ಯದ ಹಿಟ್ಟು, ಉಪ್ಪು, ಚಿಟಿಕೆ ಸಕ್ಕರೆ ಹಾಕಿ ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಬೇಕು. ಜೋರು ಮಾಡಿದರೆ ಪುಡಿ. ಕಡಿಮೆ ಮಾಡಿದರೆ ಖಾರ ತಳದಲ್ಲಿ, ಅವಲಕ್ಕಿ ಬೆಳ್ಳಗೆ ಮೇಲೆ. ಒಂದೊಂದು ಎಸಳಿಗೂ ಬಣ್ಣ ಹಿಡಿದಾಗ ಉಳ್ಳಾಗಡ್ಡಿ, ಹಸಿ ಕೊಬ್ಬರಿ. ಒಲೆಯೇ ಹಚ್ಚದೆ ಆಗುವ ತಿಂಡಿಗೆ ಹಚ್ಚಿದ ಅವಲಕ್ಕಿ ಎಂಬ ಹೆಸರು ಯಾಕೆ ಬಂತೆಂದು ಆಮೇಲೆ ಆಕೆ ಕೇಳಲಿಲ್ಲ.

ಇಂಗ್ಲಿಷ್ ಕಲಿಯುವಾಗ ನಮ್ಮ ಮಕ್ಕಳು ಪಡುವ ಪಾಡೂ ಇದೇ, ತಿರುವುಮುರುವಾಗಿ. ಅಲ್ಲಿ ದೀಪಕ್ಕೆ, ಸಸಿಗೆ, ಕುಂಕುಮಕ್ಕೆ, ಫೋನಿಗೆ ಒಂದೊಂದಕ್ಕೆ ಒಂದೊಂದು ಕ್ರಿಯಾಪದ. ಪಾಪ, ಹುಡುಗರು ಎಲ್ಲಕ್ಕೂ ಪುಟ್ ಅಂದು ಮುಗಿಸುತ್ತಾರೆ. ಚೀನೀಯರ ಕಷ್ಟ ಇನ್ನೂ ಸ್ವಾರಸ್ಯದ್ದು. ಅವರ ಭಾಷೆಯಲ್ಲಿ ದಾ ಎಂದರೆ ಹೊಡೆ. ಅವರು ಫೋನ್ ಹೊಡೆಯುತ್ತಾರೆ, ಮೀನು ಹೊಡೆಯುತ್ತಾರೆ, ಸ್ವೆಟರ್ ಹೆಣೆಯುವುದೂ ಮಳೆಯಲ್ಲಿ ಕೊಡೆ ಹಿಡಿಯುವುದೂ ಅದರಲ್ಲೇ. ನಾವು ನಗಬೇಕಾಗಿಲ್ಲ. ನಿದ್ದೆ ಹೊಡೆಯುವವರು, ಚಹಾ ಹೊಡೆಯುವವರು, ಸೈಕಲ್ಲಿಗೆ ಹವಾ ಹೊಡೆಯುವವರು ನಾವೇ.

ಅದಕ್ಕೇ ಹೊಡಿ ಎಂಬುದನ್ನು ಸದ್ಯಕ್ಕೆ ಎತ್ತುವುದು ಬೇಡ ಎಂದು ಆಕೆಯ ಅತ್ತೆಗೆ ಹೇಳಿದ್ದೆ. ಎಲ್ಲಿ ಕೇಳಬೇಕು! ನಿನ್ನೆ ಗೋಡೆಯಾಚೆ ಮಗನ ಸುದ್ದಿ ಬಂತು, ಕಬ್ಬಿಗೆ ಹುಳ ಬಿದ್ದಿದೆಯಂತೆ, "ಬೆಳಿಗ್ಗಿನs ಎಣ್ಣಿ ಹೊಡಿಯಾಕ ಹೋಗ್ಯಾನ" ಅಂದರು. ಸೊಸೆ ಗಾಬರಿಯಾಗಿ ನನ್ನ ಕಡೆ ತಿರುಗಿದಳು: "ಕಾಕು, ಎಣ್ಣಿ ಹಚ್ಚೂದು ಅಲ್ಲೇನ್ರಿ?"