ಸೂಕ್ತ ಆದೇಶಕ್ಕಾಗಿ

ಸರ್ಕಾರಿ ಕಚೇರಿಗಳಲ್ಲಿ ತಪ್ಪು ಮಾಡುವವರು ಅನೇಕರುಂಟು, ಮಾಡಿದ ತಪ್ಪನ್ನು ಮುಚ್ಚುವವರು ಅವರಿಗಿಂತಲೂ ಅಧಿಕ; ಆದರೆ ತಪ್ಪು ನಡೆದೀತೆಂಬ ಭಯದಿಂದ ಕೆಲಸವನ್ನೇ ನಡೆಯಗೊಡದ ಮಹನೀಯರದು ಬೇರೆಯೇ ಒಂದು ಪಂಗಡ, ಮತ್ತು ನಮ್ಮ ರಾಯರು ಆ ಪಂಗಡದ ಶಿರೋಮಣಿಗಳು. ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆಯ ಗುಮಾಸ್ತರಾದ ಇವರ ಪೂರ್ಣನಾಮಧೇಯವನ್ನು ತಿಳಿಸಬೇಕಾದ ಅಗತ್ಯವಿಲ್ಲ. ಯಾವ ಕಚೇರಿಯ ಹೊಸ್ತಿಲನ್ನು ದಾಟಿದರೂ ಕಡತಗಳ ರಾಶಿಯ ಹಿಂದೆ ಅವರ ನೆತ್ತಿಯು ಕಾಣಿಸುವುದು.

ರಾಯರು ಸೋಮಾರಿಗಳೆಂದು ಯಾರಾದರೂ ಭಾವಿಸಿದಲ್ಲಿ ಅದು ಘೋರ ಅಪಚಾರವಾದೀತು. ಬೆಳಿಗ್ಗೆ ಜವಾನನು ಬೀಗ ತೆಗೆಯುವ ಮೊದಲೇ ಬಂದು ನಿಂತಿರುವವರು ಅವರು. ಸಂಜೆ ದೀಪವಾರಿಸುವವರೂ ಅವರೇ. ನಿವೃತ್ತ ಉಪಾಧ್ಯಾಯರೊಬ್ಬರು ತಮಗೆ ಬರಬೇಕಾದ ಬಾಕಿ ಸಂಬಳಕ್ಕಾಗಿ ಅರ್ಜಿಯಿತ್ತರೆಂದರೆ, ರಾಯರು ಅದನ್ನು ಆಮೂಲಾಗ್ರವಾಗಿ ಓದಿ, ಹಳೆಯ ದಫ್ತರಗಳ ಧೂಳು ಕೊಡವಿ, ಪೂರ್ವನಿದರ್ಶನಗಳನ್ನು ಹೆಕ್ಕಿ, ಸುಂದರವಾದ ಹಸ್ತಾಕ್ಷರದಲ್ಲಿ ಹೀಗೆ ಟಿಪ್ಪಣಿ ಬರೆಯುವರು: “ಅರ್ಜಿದಾರರ ಕೋರಿಕೆಯು ನ್ಯಾಯಸಮ್ಮತವೆಂದು ಮೇಲ್ನೋಟಕ್ಕೆ ತೋರಬಹುದಾದರೂ, ಹಾಗೆ ತೋರುವುದು ಸರಿಯೇ ಎಂಬುದು ಪರಿಶೀಲನಾರ್ಹವಾಗಿದ್ದು, ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.” ಸಾಹೇಬರು ಅದರ ಕೆಳಗೆ ‘ಚರ್ಚಿಸಿ’ ಎಂದು ಬರೆದು ಹಿಂದಿರುಗಿಸುವರು. ರಾಯರು ಹೋಗಿ, ಕೈಕಟ್ಟಿ ನಿಂತು, ಚರ್ಚಿಸಿ ಬಂದು, “ಚರ್ಚಿಸಲಾಯಿತು. ಸೂಕ್ತ ಆದೇಶಕ್ಕಾಗಿ ಪುನಃ ಮಂಡಿಸಿದೆ” ಎಂದು ಬರೆಯುವರು. ಉಪಾಧ್ಯಾಯರು ಅಷ್ಟರಲ್ಲಿ ಜಗಲಿಯ ಬೆಂಚಿನ ಮೇಲೆ ಒಂದು ನಿದ್ರೆ ಮುಗಿಸಿರುವರು. ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ಬೆಂಗಳೂರಿಗೆ ಹೋದಾಗ ರಾಯರು ಕಣ್ಣಾರೆ ಕಂಡು ಕೈಮುಗಿದು ಬಂದವರು. ದೇವರ ಕೆಲಸವೆಂದ ಮೇಲೆ ದೇವರೇ ಸಹಿ ಹಾಕಲೆಂಬುದು ಅವರ ಆಂತರ್ಯವಿದ್ದೀತು.

1958ರ ಸೇವಾ ನಿಯಮಗಳಲ್ಲಿ ತಮ್ಮ ರಜೆಯ ಲೆಕ್ಕವೆಲ್ಲಿದೆಯೆಂದು ಕೇಳಿದರೆ ರಾಯರು ತಡವರಿಸುವರು. 1957ರ ಶಿಸ್ತಿನ ನಿಯಮಗಳಲ್ಲಿ ದಂಡನೆಗಳ ಪಟ್ಟಿಯಿರುವ ಎಂಟನೆಯ ನಿಯಮವಾದರೋ ಅವರಿಗೆ ಸಂಧ್ಯಾವಂದನೆಯಷ್ಟು ಕಂಠಸ್ಥ. ವಾಗ್ದಂಡನೆಯಿಂದ ಹಿಡಿದು ವಜಾವರೆಗೆ ಒಂದೊಂದು ಮೆಟ್ಟಿಲನ್ನೂ ಅವರು ಮನಸ್ಸಿನಲ್ಲಿ ಎಷ್ಟು ಬಾರಿ ಇಳಿದು ಬಂದಿರುವರೋ ಬಲ್ಲವರಾರು! ನಗುವವರು ನಗಲಿ, ಈ ಭಯವು ನಿರಾಧಾರವಾದುದೆಂದು ನಾನು ಹೇಳಲಾರೆ. ಲೆಕ್ಕ ತನಿಖೆಯವರು ಬಂದಾಗ ಆಕ್ಷೇಪಣೆಯೇಳುವುದು ಪಾವತಿಯಾದ ಬಿಲ್ಲಿನ ಮೇಲೆಯೇ ಹೊರತು, ಪಾವತಿಯಾಗದೆ ಕಪಾಟಿನಲ್ಲಿ ಕೊಳೆತ ಬಿಲ್ಲಿನ ಮೇಲಲ್ಲ. ಹತ್ತು ರೂಪಾಯಿ ಹೆಚ್ಚು ಕೊಟ್ಟವನಿಗೆ ಮೆಮೋ ಬರುವುದು. ಆರು ತಿಂಗಳು ಏನನ್ನೂ ಕೊಡದವನಿಗೆ ‘ಜಾಗರೂಕ ನೌಕರ’ನೆಂಬ ಕೀರ್ತಿ ಬರುವುದು. ಇಂಥಲ್ಲಿ ಧೈರ್ಯವಂತನಾಗಿರಲು ಮನುಷ್ಯನಿಗೆ ಸ್ವಲ್ಪ ಅವಿವೇಕವೂ ಬೇಕು.

ಆ ಅವಿವೇಕವನ್ನು ರಾಯರಿಗೆ ದಯಪಾಲಿಸಿದ್ದು ಮಾರ್ಚಿ 31ನೆಯ ತಾರೀಖು. ಅಂದು ಸಂಜೆಯೊಳಗೆ ಖಜಾನೆಯಲ್ಲಿ ಪಾಸಾಗದ ಹಣವು ಲ್ಯಾಪ್ಸಾಗುವುದೆಂಬ ಭಯವು ತಪ್ಪಿನ ಭಯಕ್ಕಿಂತ ದೊಡ್ಡದಾಗಿ, ಶಾಲೆಯೊಂದಕ್ಕೆ ಹೆಂಚು ಹೊದಿಸಿದ ಬಿಲ್ಲನ್ನು ಅವರು ಒಂದೇ ಉಸಿರಿಗೆ ಬರೆದು, ಜೀಪು ಹತ್ತುತ್ತಿದ್ದ ಸಾಹೇಬರಿಂದ ಸಹಿ ಮಾಡಿಸಿ, ಪೂರ್ವನಿದರ್ಶನವನ್ನೂ ಹುಡುಕದೆ ಕಳುಹಿಸಿಬಿಟ್ಟರು. ಅಂಕಿಯಲ್ಲಿ ಬರೆದದ್ದು 4,870 ರೂಪಾಯಿ. ಅಕ್ಷರದಲ್ಲಿ ಬರೆದದ್ದು ನಾಲ್ಕು ಸಾವಿರದ ಏಳುನೂರ ಎಂಬತ್ತು. ಬಿಲ್ಲು ಆಕ್ಷೇಪಣೆಯ ಚೀಟಿಯೊಡನೆ ಮರಳಿ ಬಂದಾಗ ರಾಯರ ಮುಖದಲ್ಲಿ ರಕ್ತವಿರಲಿಲ್ಲ. ಖಜಾನೆಗೆ ಓಡಿದರೆ, ಅಲ್ಲಿಯ ಗುಮಾಸ್ತನು ತಲೆಯನ್ನೂ ಎತ್ತದೆ, “ಸ್ವಾಮಿ, ಅಂಕಿಯಲ್ಲೊಂದು ಅಕ್ಷರದಲ್ಲೊಂದು ಇದೆ. ತಿದ್ದಿ, ತಿದ್ದಿದ ಕಡೆ ಸಾಹೇಬರ ಸಹಿ ಹಾಕಿಸ್ಕೊಂಡು ಬನ್ನಿ, ಬೆಳಗ್ಗಿಂದ ಇಂಥವು ಎಷ್ಟು ಬಂದವೋ” ಎಂದನು. ಸಾಹೇಬರೂ ತಿದ್ದುಪಡಿಗೆ ಸಹಿ ಹಾಕಿದರು. ಬಿಲ್ಲು ಪಾಸಾಯಿತು. ಆಕಾಶವು ಎಂದಿನ ಸ್ಥಾನದಲ್ಲಿಯೇ ಇದ್ದಿತು.

ಆದರೆ ರಾಯರಿಗೆ ಇದು ಸಾಲದಾಯಿತು. ಬರಲಿರುವ ಮೆಮೋವಿಗೆ ಕೊಡಬೇಕಾದ ಸಮಜಾಯಿಷಿಯನ್ನು ಅವರು ರಾತ್ರಿಯೆಲ್ಲ ಕುಳಿತು ರಚಿಸಿದರು: ಕಾರ್ಯಬಾಹುಳ್ಯ, ಕಾಲಾವಕಾಶದ ಅಭಾವ, ದೃಷ್ಟಿಮಾಂದ್ಯ, ದುರುದ್ದೇಶರಾಹಿತ್ಯ, ಕೊನೆಯಲ್ಲಿ ಕ್ಷಮಾಯಾಚನೆ. ಒಂದು ವಾರ ಕಳೆದರೂ ಮೆಮೋ ಬರಲಿಲ್ಲ. ಕಾಯುವುದು ಅಸಹನೀಯವಾಗಿ, ರಾಯರು ಶಿರಸ್ತೇದಾರರ ಮುಂದೆ ನಿಂತು ಅದು ಎಂದು ಬರಬಹುದೆಂದು ವಿನಯಪೂರ್ವಕವಾಗಿ ವಿಚಾರಿಸಿದರು.

“ಯಾವ ಮೆಮೋ ರಾಯರೇ? ತಿದ್ದಿ ಕಳಿಸಿದ್ದಾಯ್ತಲ್ಲ! ಅದಕ್ಕೆಲ್ಲ ಇಲ್ಲಿ ಯಾರಿಗಿದೆ ಪುರುಸೊತ್ತು? ಹೋಗಿ ಟಪಾಲು ನೋಡಿ.”

ರಾಯರು ಹಿಂದಿರುಗುವಾಗ ಅವರ ಮುಖದಲ್ಲಿದ್ದುದು ನೆಮ್ಮದಿಯೋ ಅವಮಾನವೋ ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ತಪ್ಪಿಗೆ ಇಷ್ಟೇ ಬೆಲೆಯೆ! ಅಂದು ಮಧ್ಯಾಹ್ನ ಉಪಾಧ್ಯಾಯರ ಕಡತವನ್ನು ಬಿಚ್ಚಿ, “ಮಂಜೂರು ಮಾಡಬಹುದು” ಎಂದು ಮೊದಲು ಪೆನ್ಸಿಲಿನಲ್ಲಿ ಬರೆದು, ಆ ಕಡೆ ಈ ಕಡೆ ನೋಡಿ, ಅದರ ಮೇಲೆಯೇ ಶಾಯಿಯಲ್ಲಿ ತೀಡಿದರು.

ಆ ಸಮಜಾಯಿಷಿಯೂ ವ್ಯರ್ಥವಾಗಲಿಲ್ಲ. ಹೊಸದಾಗಿ ಸೇರಿದ ದ್ವಿತೀಯ ದರ್ಜೆಯ ಹುಡುಗನು ಜಾವಕು ಪುಸ್ತಕದಲ್ಲಿ ನಂಬರು ತಪ್ಪಿಸಿ ಅಳುಮೋರೆ ಮಾಡಿ ಕುಳಿತಿದ್ದಾಗ, ರಾಯರು ಮೇಜಿನ ಖಾನೆಯಿಂದ ಅದನ್ನು ತೆಗೆದುಕೊಟ್ಟು, “ಹೆದರಬೇಡಯ್ಯ, ತಾರೀಖು ಬದಲಾಯಿಸ್ಕೋ, ಸಾಕು, ದೃಷ್ಟಿಮಾಂದ್ಯ ಮಾತ್ರ ತೆಗೆದುಬಿಡು, ನಿನ್ನ ವಯಸ್ಸಿಗೆ ಅದು ನಂಬೋಹಾಗಿಲ್ಲ” ಎಂದರು.