ದುರ್ಬೀನು ರಾಯರು

ಸ್ಕಾಟ್ಲೆಂಡಿನ ಬ್ಲ್ಯಾಕ್ ಐಲ್‌ನಲ್ಲಿ ಭೂಮಿ ಚೂಪಾಗಿ ಸಮುದ್ರದೊಳಕ್ಕೆ ಚಾಚಿರುವ ಜಾಗವೇ ಚಾನನ್ರಿ ಪಾಯಿಂಟ್. ತುದಿಯಲ್ಲಿ 1846ರ ದೀಪಸ್ತಂಭ, ಎದುರು ದಡದಲ್ಲಿ ಫೋರ್ಟ್ ಜಾರ್ಜ್ ಕೋಟೆ. ಉಬ್ಬರ ಏರತೊಡಗಿದಾಗ ಈ ಇಕ್ಕಟ್ಟಿನಲ್ಲಿ ಸಾಲ್ಮನ್ ಮೀನುಗಳು ನುಗ್ಗುತ್ತವೆ. ಅವುಗಳ ಬೆನ್ನಿಗೆ ಡಾಲ್ಫಿನ್‌ಗಳು, ಡಾಲ್ಫಿನ್‌ಗಳ ಬೆನ್ನಿಗೆ ನಾವು. ನಮ್ಮೆಲ್ಲರಿಗಿಂತ ಮುಂಚೆಯೇ ಹಾಜರು, ದುರ್ಬೀನು ರಾಯರು.

ಹೆಸರು ನಾನಿಟ್ಟದ್ದು. ಇಂಥವರು ಮಲ್ ದ್ವೀಪದಲ್ಲಿ ಕಡಲಹದ್ದಿಗೂ ಗಾರ್ಟನ್ ಸರೋವರದಲ್ಲಿ ಆಸ್ಪ್ರೇ ಹಕ್ಕಿಗೂ ಕಾಯುತ್ತಾ ನಿಂತಿರುತ್ತಾರೆ. ಪಾಚಿಬಣ್ಣದ ಜಾಕೆಟ್ಟು, ಮೈತುಂಬ ಜೇಬು, ಒಂದರಲ್ಲಿ ಪುಟ್ಟ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಮೋಟು ಪೆನ್ಸಿಲು. ಟ್ರೈಪಾಡ್ ಮೇಲಿನ ದುರ್ಬೀನನ್ನು ಮಾರಿದರೆ ಬೆಂಗಳೂರಿಗೆ ಹೋಗಿಬರುವ ಖರ್ಚು ಹುಟ್ಟೀತು. "ಏನಾದ್ರೂ ಕಾಣಿಸ್ತಾ?" ಎಂದು ಕೇಳಿದಿರೋ, ಮುಖದಲ್ಲಿ ಅನುಕಂಪ ಉಕ್ಕುತ್ತದೆ. "ಅಯ್ಯೋ, ಹತ್ತು ನಿಮಿಷ ಮುಂಚೆ ಬರಬೇಕಿತ್ತು!" ಬೆಳಿಗ್ಗೆ ಬಂದವರಿಗೂ ಹತ್ತೇ ನಿಮಿಷ, ಮಧ್ಯಾಹ್ನ ಬಂದವರಿಗೂ ಹತ್ತೇ.

ಡಾಲ್ಫಿನ್ ಸುಳಿಯದ ಹೊತ್ತಿನಲ್ಲಿ ರಾಯರು ಪ್ರವಾಸಿಗರ ತಳಿ ಗುರುತಿಸುತ್ತಾರೆ. ಇದರಲ್ಲಿ ಮಾತ್ರ ಅವರ ಕಣ್ಣು ತಪ್ಪುವುದಿಲ್ಲ. ಒಂಟಿ ರಸ್ತೆಯಲ್ಲಿ ಎದುರಿನ ಗಾಡಿಗೆ ದಾರಿ ಬಿಡಲೆಂದು ಇರುವ ಜಾಗದಲ್ಲೇ ವ್ಯಾನು ನಿಲ್ಲಿಸಿ ಚಹಾ ಕಾಯಿಸುವವರನ್ನು ಕಂಡರೆ ಹಲ್ಲು ಕಡಿಯುತ್ತಾರೆ. ಮೂರು ಸಾವಿರ ಅಡಿ ದಾಟಿದ 282 ಮನ್ರೋ ಬೆಟ್ಟಗಳಲ್ಲಿ ಎಷ್ಟು ಹತ್ತಿಯಾಯಿತೆಂದು ಕೇಳದೆಯೇ ಹೇಳುವವರನ್ನು ಬೂಟಿನಿಂದಲೇ ಪತ್ತೆ ಹಚ್ಚುತ್ತಾರೆ. ನಾವೋ, ಜೂನ್ ತಿಂಗಳಲ್ಲಿ ಎರಡೆರಡು ಸ್ವೆಟರು, ಮಂಕಿ ಕ್ಯಾಪು, ಡಬ್ಬಿಯಲ್ಲಿ ಪುಳಿಯೋಗರೆ. ಮುಚ್ಚಳ ತೆಗೆದದ್ದೇ ತಡ, ರಾಯರು ಪೆನ್ಸಿಲ್ ಎಳೆದು ಏನೋ ಗೀಚಿಕೊಂಡರು. ಅಪರೂಪದ ವಲಸೆ ಹಕ್ಕಿ ಎಂದೇ ಇರಬೇಕು.

ಹಿಂದೆ ಕಾರಿನಲ್ಲಿ ಅವರ ಹೆಂಡತಿ ಸಮುದ್ರಕ್ಕೆ ಮುಖ ಮಾಡಿ, ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡು ಪದಬಂಧ ಬಿಡಿಸುತ್ತಿದ್ದರು. ಆ ದೇಶದಲ್ಲಿ ಕಡಲು ನೋಡುವ ಶಾಸ್ತ್ರೋಕ್ತ ಕ್ರಮ ಅದು.

ಕೊನೆಗೂ ಬಂದವು. ಈ ತಣ್ಣೀರಿನ ಡಾಲ್ಫಿನ್‌ಗಳು ಕೊಬ್ಬು ಕಟ್ಟಿಕೊಂಡ ಭಾರಿ ಆಸಾಮಿಗಳು. ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿ ಬೆನ್ನು ಬಾಗಿಸಿ ಉಸ್ಸೆಂದವು. ಮಕ್ಕಳು ಕುಣಿದವು. ದುರ್ಬೀನಿಗೆ ಅಷ್ಟು ಹತ್ತಿರದ್ದು ಒಗ್ಗುವುದಿಲ್ಲ; ರಾಯರಿಗೆ ಬರೀ ಬೂದು ಮಬ್ಬು ಕಂಡಿರಬೇಕು. ತಿರುಪು ತಿರುಗಿಸುವಷ್ಟರಲ್ಲಿ ನೀರು ಸಪಾಟು. ಕಣ್ಣು ತೆಗೆಯದೆಯೇ, "ಎರಡು. ಒಂದು ಮರಿ," ಎಂದು ನಮಗೆಲ್ಲ ಕೇಳುವಂತೆ ಹೇಳಿ ಬರೆದುಕೊಂಡರು.

ಕಾರಿನ ಕಿಟಕಿ ಇಳಿಯಿತು. "ಮೂರಿದ್ವು. ಟೀ ಆರಿಹೋಗ್ತಿದೆ, ಬನ್ನಿ."