ಆಂಪಿಯರ್ ರಾಯರು

ಜಯನಗರ ನಾಲ್ಕನೇ ಟಿ ಬ್ಲಾಕಿನ ನಮ್ಮ ಬೀದಿಯಲ್ಲಿ ಬೆಳಗ್ಗೆ ವಾಕಿಂಗ್ ಹೊರಟವರು ಬಾನೆಟ್ ಎತ್ತಿ ನಿಂತ ಕಾರನ್ನು ಕಂಡರೆ ಪಕ್ಕದ ರಸ್ತೆಗೆ ತಿರುಗಿಬಿಡುತ್ತಾರೆ. ಕಾರು ತಳ್ಳಬೇಕಾದೀತೆಂದು ಅಲ್ಲ. ತಳ್ಳುವುದು ಐದು ನಿಮಿಷದ ಕೆಲಸ. ಬಾನೆಟ್ಟಿನ ಹಿಂದೆ ಮಲ್ಟಿಮೀಟರ್ ಹಿಡಿದು ನಿಂತಿರುವವರು ಆಂಪಿಯರ್ ರಾಯರು. ಏಳಕ್ಕೆ ಅವರ ಕೈಗೆ ಸಿಕ್ಕವರಿಗೆ ಒಂಬತ್ತರ ತನಕ ಬಿಡುಗಡೆಯಿಲ್ಲ.

ಈ ಹೆಸರು ಬೀದಿಯವರು ಇಟ್ಟದ್ದು. ರಾಯರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕೆಲಸ ಬಿಟ್ಟರೂ ಮೂರು ಕೊಟೇಶನ್ ತರಿಸುವ ಚಾಳಿ ಬಿಟ್ಟಿಲ್ಲ. ಕೊತ್ತಂಬರಿ ಸೊಪ್ಪಿಗೂ ಮೂರು ಗಾಡಿ ವಿಚಾರಿಸುತ್ತಾರೆ. ಮಗನಿಗೆ ಹೆಣ್ಣು ನೋಡುವಾಗ ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಹಾಕಿದ್ದರೆಂಬುದು ಶುದ್ಧ ಸುಳ್ಳೆಂದು ಅವರ ಮನೆಯವರೇ ಹೇಳಿದ್ದಾರೆ. ಹಾಕಿದ್ದು ಛತ್ರಕ್ಕಂತೆ.

ಅವರದೊಂದು ಸಣ್ಣ ಕಾರು, ಅದಕ್ಕೊಂದು 35 ಆಂಪಿಯರ್-ಅವರ್ ಬ್ಯಾಟರಿ. ಕಾರು ವಾರವಿಡೀ ಹೊಂಗೆ ಮರದ ಕೆಳಗೆ ಮುಸುಕು ಹೊದ್ದು ಮಲಗಿರುತ್ತದೆ. ಶನಿವಾರ ರಾಗಿಗುಡ್ಡದ ಆಂಜನೇಯನಿಗೆ ಮುಖ ತೋರಿಸಿ ಬಂದು ಮತ್ತೆ ಮಲಗುತ್ತದೆ. ಅಷ್ಟು ಹತ್ತಿರದ ಓಡಾಟದಲ್ಲಿ, ಅದೂ ಸಿಗ್ನಲ್ಲಿಗೊಮ್ಮೆ ನಿಂತು, ಸ್ಟಾರ್ಟ್ ಮಾಡಲು ಖರ್ಚಾದದ್ದನ್ನು ಹಿಂದಿರುಗಿಸುವಷ್ಟು ಪುರುಸೊತ್ತು ಆಲ್ಟರ್ನೇಟರಿಗೆ ಸಿಗುವುದಿಲ್ಲ. ಮೊದಲಾದರೆ ಮನೆಯವರನ್ನು ಗಾಂಧಿ ಬಜಾರಿಗೋ ಬನಶಂಕರಿ ಗುಡಿಗೋ ಕರೆದೊಯ್ಯುವುದಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದದ್ದೇ ಆಕೆ ಆಧಾರ್ ಕಾರ್ಡು ಪರ್ಸಿಗೆ ಹಾಕಿಕೊಂಡು ಬಸ್ ಹತ್ತಿದರು. ಅಂದಿನಿಂದ ಆ ಮನೆಯ ಶಕ್ತಿಯೆಲ್ಲ ಬಸ್ಸಿನಲ್ಲೇ ಓಡಾಡುತ್ತಿದೆ, ಬ್ಯಾಟರಿಯಲ್ಲಿ ಉಳಿದಿಲ್ಲ.

ಅದು ಗೊತ್ತಾದದ್ದು ಹೋದ ವರ್ಷದ ಆಯುಧಪೂಜೆಯ ದಿನ. ಕಾರಿಗೆ ಚೆಂಡುಹೂವಿನ ಹಾರ, ಬಾಳೆಕಂದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳಕಾಯಿ ನಿವಾಳಿಸಿ ಒಡೆದಾಯಿತು. ರಾಯರು ಪಂಚೆಯಲ್ಲೇ ಒಳಗೆ ಕೂತು ಕೀಲಿ ತಿರುವಿದರು. ಟಿಕ್ ಟಿಕ್ ಟಿಕ್. ಇನ್ನೊಮ್ಮೆ ತಿರುವಿದರೆ ಅದೂ ಇಲ್ಲ. ಕೊನೆಗೆ ಪಕ್ಕದ ಪಿ.ಜಿ.ಯ ನಾಲ್ಕು ಹುಡುಗರು ಬಂದು ತಳ್ಳಿದರು. ನಾಲ್ಕೂ ನಿಂಬೆಹಣ್ಣು ಪಿಚಕ್ಕೆಂದವು, ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ. ಚರ್ಪಿಗೆ ನಿಂತ ನಾವೆಲ್ಲ ಗಂಭೀರ ಮುಖ ಮಾಡಿಕೊಂಡು ಪುರಿ ಕಡಲೆ ತಿಂದೆವು.

ಅಂದು ಸಂಜೆಯೇ ಫೈಲ್ ತೆರೆಯಿತು. ವಿಷಯ: ಮನೆಯ ಬಳಕೆಗೆ ಕಾರ್ ಬ್ಯಾಟರಿ ಚಾರ್ಜರ್ ಖರೀದಿ.

ಮರುದಿನ ನಾನು ಸಿಕ್ಕಿಬಿದ್ದೆ. "ನೋಡ್ರೀ ಇವ್ರೆ, ಸೀಸ-ಆಮ್ಲದ ಬ್ಯಾಟರೀನ 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಅನ್ನೋರು ಕಂಡುಹಿಡಿದ್ರು" ಎಂದು ಶುರು ಮಾಡಿದರು. ಚಾರ್ಜರ್ ಕಥೆಗೆ 1859ರಿಂದ ಬರಬೇಕೆಂದರೆ ನನ್ನ ಹಾಲಿನ ಪ್ಯಾಕೆಟ್ ಏನಾದೀತು! ಫೋರ್ ಎಂಬಾತ ಸೀಸದ ತಟ್ಟೆಗೆ ಲೇಪ ಬಳಿದ 1881ಕ್ಕೆ ಅವರು ಬಂದಾಗ ಹಾಲು ಒಡೆದಿತ್ತು.

ಆದರೆ ಮನುಷ್ಯ ಹೇಳುವುದೆಲ್ಲ ಸರಿಯಾಗಿರುತ್ತದೆ, ಅದೇ ಕಷ್ಟ. ಕಾರು ನಿಂತಲ್ಲೇ ತಿನ್ನುತ್ತದಂತೆ: ಗಡಿಯಾರ, ಅಲಾರಂ, ಒಳಗಿನ ಕಂಪ್ಯೂಟರ್ ಎಲ್ಲ ಸೇರಿ 30 ಮಿಲಿಆಂಪಿಯರ್ ಹಿಡಿದರೂ ದಿನಕ್ಕೆ ಮುಕ್ಕಾಲು ಆಂಪಿಯರ್-ಅವರ್ ಹತ್ತಿರ ಹತ್ತಿರ ಹೋಯಿತು. ಒಂದೂವರೆ ತಿಂಗಳಿಗೆ ತುಂಬಿದ ಬ್ಯಾಟರಿಯೂ ಬರಿದು. ಸುಮ್ಮನಿಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಇಳಿದರೆ ಬೇಗ ಏನಾದರೂ ಮಾಡಿ. ಚಾರ್ಜ್ ಮಾಡುವ ಕರೆಂಟು ಅದರ ಸಾಮರ್ಥ್ಯದ ಹತ್ತನೇ ಒಂದರಷ್ಟಿದ್ದರೆ ಹಿತ. ಅಂದರೆ ಅವರ ಬ್ಯಾಟರಿಗೆ ಮೂರೂವರೆ, ನಾಲ್ಕು ಆಂಪಿಯರಿನ ಚಾರ್ಜರ್ ಸಾಕು. ಜೆ.ಸಿ. ರಸ್ತೆಯ ಅಂಗಡಿಯವನೊಬ್ಬ 20 ಆಂಪಿಯರಿನದು ತೋರಿಸಿ "ಬೇಗ ಫುಲ್ ಆಗುತ್ತೆ ಸಾರ್" ಎಂದದ್ದಕ್ಕೆ ರಾಯರು, "ಬಾಣಂತಿಗೆ ಬೀಗರ ಔತಣ ಬಡಿಸ್ತೀಯೇನಯ್ಯಾ?" ಎಂದು ಕೇಳಿ ಬಂದರು.

ಎಸ್.ಪಿ. ರಸ್ತೆಯಲ್ಲಿ ಎರಡನೇ ಕೊಟೇಶನ್. ಅಲ್ಲಿ ಇದ್ದದ್ದು ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ: ಅಗ್ಗ, ಗಟ್ಟಿ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. "ಆದ್ರೆ ಬ್ಯಾಟರಿ ತುಂಬಿದ್ರೂ ಅದಕ್ಕೆ ನಿಲ್ಸೋಕೆ ಬರಲ್ಲ. ಸಾಕು ಅಂದ್ರೂ ತುರುಕ್ತಾನೇ ಇರುತ್ತೆ, ಒಳಗಿನ ನೀರು ಕುದ್ದು ಹೋಗುತ್ತೆ" ಎಂದು ರಾಯರು ವಿವರಿಸುತ್ತಿದ್ದರೆ ಒಳಗಿನಿಂದ ಅವರ ಮನೆಯವರು, "ಥೇಟ್ ನಿಮ್ಮಮ್ಮ ಬಡಿಸ್ತಿದ್ದ ಹಾಗೆ" ಎಂದರು. ಆ ಕೊಟೇಶನ್ ಅಲ್ಲಿಗೆ ತಿರಸ್ಕೃತ.

ಮೂರನೆಯದು ನ್ಯೂಜೆರ್ಸಿಯ ಮಗನದು. "ಅಪ್ಪಾ, ಇಲ್ಲಿಂದ ಒಂದು ತಂದುಕೊಡ್ತೀನಿ, ಇಲ್ಲಾಂದ್ರೆ ಕಾರು ಮಾರಿಬಿಡಿ" ಎಂದ. "ನಿಮ್ಮದು 120 ವೋಲ್ಟು ಕಣೋ, ನಮ್ಮದು 230. ಪ್ಲಗ್ಗಿಗೆ ಹಾಕಿದ್ರೆ ಢಮಾರ್" ಎಂದು ಫೋನಿಟ್ಟರು. ಕಾರು ಮಾರುವ ಮಾತು ಕೇಳಿಸಲೇ ಇಲ್ಲ.

ಕಾರ್ತಿಕ ಕಳೆಯಿತು, ಸಂಕ್ರಾಂತಿ ಕಳೆಯಿತು. ಮುಸುಕಿನೊಳಗೆ ಬ್ಯಾಟರಿ ಖಾಲಿಯಾಗಿಯೇ ಕೂತಿತ್ತು. ಖಾಲಿ ಬ್ಯಾಟರಿಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ದಿನ ಹೋದ ಹಾಗೆ ಕರಗದಷ್ಟು ಗಟ್ಟಿಯಾಗುತ್ತದೆ. ಇದನ್ನು ನನಗೆ ಹೇಳಿದವರೂ ರಾಯರೇ. ಕಾರಿನ ಬಾನೆಟ್ಟಿಗೆ ಒರಗಿಕೊಂಡು ಹೇಳಿದರು.

ಯುಗಾದಿಗೆ ನಾಲ್ಕು ದಿನ ಮುಂಚೆ ಚಾರ್ಜರ್ ಬಂತು. ನಾಲ್ಕು ಆಂಪಿಯರಿನದು, ಬುದ್ಧಿವಂತ ಜಾತಿಯದು: 14.4 ವೋಲ್ಟ್‌ವರೆಗೆ ಏರಿಸಿ, ತುಂಬಿದ ಮೇಲೆ ತಾನೇ ಕೈ ತೊಳೆದುಕೊಂಡು ಕೂರುವಂಥದ್ದು. ಒಳ್ಳೆಯ ಆಯ್ಕೆ, ನನ್ನನ್ನು ಕೇಳಿದ್ದರೆ ಮೊದಲ ವಾರವೇ ಅದನ್ನೇ ಹೇಳುತ್ತಿದ್ದೆ. ಬೀದಿಯವರೆಲ್ಲ ಸೇರಿದೆವು. ಕೆಂಪು ಕ್ಲಿಪ್ ಪ್ಲಸ್ಸಿಗೆ ಮೊದಲು, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರ ಎಂಜಿನ್ನಿನ ಲೋಹಕ್ಕೆ, ಸ್ವಿಚ್ ಕಟ್ಟಕಡೆಗೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಹತ್ತಿರ ಕಿಡಿ ಹಾರಬಾರದು ಎಂದು ಊದುಬತ್ತಿ ಹಚ್ಚಲು ಬಂದ ಮನೆಯವರನ್ನೂ ಹಿಂದಕ್ಕೆ ಕಳಿಸಿದರು. ಸ್ವಿಚ್ ಹಾಕಿದ್ದೇ ಕೆಂಪು ದೀಪ ಮಿಟುಕಿತು. ಬ್ಯಾಟರಿ 4 ವೋಲ್ಟಿಗೆ ಇಳಿದಿತ್ತು. ಅಷ್ಟು ಬತ್ತಿದ್ದನ್ನು ಇಂಥ ಚಾರ್ಜರುಗಳಲ್ಲಿ ಹೆಚ್ಚಿನವು ಬ್ಯಾಟರಿಯೆಂದೇ ಒಪ್ಪುವುದಿಲ್ಲ.

ನಾವು ರಾಯರ ಮುಖ ನೋಡಲು ಹೆದರಿದೆವು. ಅವರೋ ಹಿಗ್ಗಿ ಹೀರೇಕಾಯಿ! "ನೋಡಿದ್ರಾ, ಎಷ್ಟು ಬುದ್ಧಿ ಅದಕ್ಕೆ! ಸತ್ತದ್ದು ಅಂತ ಮುಟ್ಟಿದ ತಕ್ಷಣ ಹೇಳ್ತು!"

ಮನೆಯವರು ಒಳಗೆ ಹೋಗಿ ಫೋನ್ ಮಾಡಿದರು. ಬನಶಂಕರಿ ಕಡೆಯಿಂದ ಹುಡುಗನೊಬ್ಬ ಸ್ಕೂಟರಿನಲ್ಲಿ ಹೊಸ ಬ್ಯಾಟರಿ ತಂದು, ಹತ್ತು ನಿಮಿಷದಲ್ಲಿ ಕೂರಿಸಿ, ಹಳೆಯದನ್ನು ಸೀಸದ ಬೆಲೆಗೆ ಮುರಿದುಕೊಂಡು ಹೋದ. ಒಂದೂ ಕೊಟೇಶನ್ ಇಲ್ಲದೆ! ರಾಯರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವಂತೆ.

ಈಗ ಪ್ರತಿ ಭಾನುವಾರ ನೋಟ್‌ಬುಕ್ಕಿನಲ್ಲಿ ರೀಡಿಂಗ್ ಏರುತ್ತದೆ: 12.6, 12.6, 12.5. ತಿಂಗಳಿಗೊಂದು ರಾತ್ರಿ ಕಾರಿಗೆ ಉಣಿಸುತ್ತಾರೆ. ಅದರ ಆರೋಗ್ಯ ಈಗ ನಮ್ಮೆಲ್ಲರದಕ್ಕಿಂತ ಚೆನ್ನಾಗಿದೆ. ಬೀದಿಯಲ್ಲಿ ಯಾರ ಕಾರು ಮಲಗಿದರೂ ಚಾರ್ಜರ್ ಎತ್ತಿಕೊಂಡು ಬರುತ್ತಾರೆ, ಒಂದು ಪೈಸೆ ಮುಟ್ಟುವುದಿಲ್ಲ, 1859ರಿಂದ ಕೇಳಿಸಿಕೊಂಡರೆ ಸಾಕು. ನಿಮ್ಮ ಕಾರೂ ಟಿಕ್ ಟಿಕ್ ಎನ್ನುತ್ತಿದ್ದರೆ ಸಂಕೋಚವಿಲ್ಲದೆ ಹೇಳಿಕಳಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಮಾತ್ರ ನೀವೇ ಇಟ್ಟುಕೊಂಡಿರಿ. ಮನೆಯಿಂದ ಹೊಂಗೆ ಮರದ ತನಕ ವೈರು ಎಳೆಯಲೆಂದು ಯುಗಾದಿಗೆ ಒಯ್ದ ನನ್ನದು ಇನ್ನೂ ವಾಪಸು ಬಂದಿಲ್ಲ. ಅವರದಕ್ಕೆ ಮೂರನೇ ಕೊಟೇಶನ್ ಬರಬೇಕಾಗಿದೆ.